ಎರಡು ಪಾಲಾಗಿದ್ದ ವಿವಾಲ್ಡಿ: ಟ್ಯೂರಿನ್ ಗ್ರಂಥಾಲಯದ 27 ಸಂಪುಟಗಳು

1926ರಲ್ಲಿ ಇಟಲಿಯ ಟ್ಯೂರಿನ್ ನಗರದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಕೋರಿಕೆ ಬಂತು. ಕೇಳಿದವರು ಬೊರ್ಗೊ ಸಾನ್ ಮಾರ್ತಿನೊ ಎಂಬ ಸಣ್ಣ ಊರಿನ ಒಂದು ಶಾಲೆಯವರು. ಅವರಿಗೆ ಕಟ್ಟಡ ರಿಪೇರಿಗೆ ದುಡ್ಡು ಬೇಕಿತ್ತು. ಶಾಲೆಯಲ್ಲಿ ಹಳೆಯ ಸಂಗೀತದ ಹಸ್ತಪ್ರತಿಗಳ ರಾಶಿ ಇತ್ತು. ಮಾರಿದರೆ ಎಷ್ಟು ಬರಬಹುದು, ಒಮ್ಮೆ ನೋಡಿ ಹೇಳಿ ಅಂತ ಕೇಳಿದ್ದರು.

ಶಾಲೆ ಸಲೇಶಿಯನ್ ಪಾದ್ರಿಗಳದು. ಬೆಂಗಳೂರಿನ ಡಾನ್ ಬಾಸ್ಕೊ ಸಂಸ್ಥೆಗಳನ್ನು ನೋಡಿದವರಿಗೆ ಈ ಸಂಘದ ಪರಿಚಯ ಇದ್ದೇ ಇರುತ್ತದೆ. ಆ ಸಂಘ ಹುಟ್ಟಿದ್ದೇ ಟ್ಯೂರಿನ್‌ನಲ್ಲಿ. ಹೀಗಾಗಿ ಅವರು ಸಲಹೆ ಕೇಳಲು ಟ್ಯೂರಿನ್ ಕಡೆಗೇ ತಿರುಗಿದ್ದು ಸಹಜ.

ಗ್ರಂಥಾಲಯದ ಮುಖ್ಯಸ್ಥರು ಲೂಯಿಜಿ ತೊರ್ರಿ. ಅವರು ಈ ಕೆಲಸವನ್ನು ಟ್ಯೂರಿನ್ ವಿಶ್ವವಿದ್ಯಾಲಯದಲ್ಲಿ ಸಂಗೀತದ ಇತಿಹಾಸ ಕಲಿಸುತ್ತಿದ್ದ ಆಲ್ಬೆರ್ತೊ ಜೆಂಟಿಲಿ ಅವರಿಗೆ ಒಪ್ಪಿಸಿದರು. ಒಟ್ಟು 97 ಸಂಪುಟಗಳಿದ್ದವು. ಅದರಲ್ಲಿ 14 ಸಂಪುಟ ತುಂಬ ಒಬ್ಬನೇ ಸಂಗೀತಗಾರನ ಕೃತಿಗಳು, ಹೆಚ್ಚಿನವು ಅವನ ಸ್ವಂತ ಕೈಬರಹದಲ್ಲಿ. ಅಂಟೋನಿಯೊ ವಿವಾಲ್ಡಿ.

ಇವತ್ತು ವಿವಾಲ್ಡಿ ಅಂದ ತಕ್ಷಣ ‘ನಾಲ್ಕು ಋತುಗಳು’ ನೆನಪಾಗುತ್ತದೆ. ಫೋನಿನಲ್ಲಿ, ಲಿಫ್ಟಿನಲ್ಲಿ, ಜಾಹೀರಾತಿನಲ್ಲಿ ಆ ಪಿಟೀಲು ಕೇಳದವರು ಕಡಿಮೆ. 1926ರಲ್ಲಿ ಹಾಗಿರಲಿಲ್ಲ. 1678ರಲ್ಲಿ ವೆನಿಸ್‌ನಲ್ಲಿ ಹುಟ್ಟಿ 1741ರಲ್ಲಿ ವಿಯೆನ್ನಾದಲ್ಲಿ ಬಡವನಾಗಿ ತೀರಿಕೊಂಡ ಈ ಮನುಷ್ಯನನ್ನು ಜನ ಹೆಚ್ಚುಕಡಿಮೆ ಮರೆತೇಬಿಟ್ಟಿದ್ದರು. ವಿದ್ವಾಂಸರ ಬಾಯಲ್ಲಿ ಅವನ ಹೆಸರು ಬರುತ್ತಿದ್ದದ್ದು ಜರ್ಮನ್ ಸಂಗೀತಗಾರ ಬಾಖ್‌ನ ದೆಸೆಯಿಂದ. 1711ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಅಚ್ಚಾದ ವಿವಾಲ್ಡಿಯ ಕಾನ್ಸರ್ಟೊಗಳಲ್ಲಿ (ವಾದ್ಯವೃಂದದ ಜೊತೆ ಒಂದೋ ಕೆಲವೋ ವಾದ್ಯಗಳು ಮುಂದಾಗಿ ನುಡಿಯುವ ಕೃತಿಗಳಲ್ಲಿ) ಕೆಲವನ್ನು ಬಾಖ್ ಆರ್ಗನ್‌ಗೆ, ಪಿಯಾನೊಗೂ ಹಿಂದಿನ ವಾದ್ಯವಾದ ಹಾರ್ಪ್ಸಿಕಾರ್ಡ್‌ಗೆ ಹೊಂದಿಸಿಕೊಂಡಿದ್ದ. ನಾಲ್ಕು ಪಿಟೀಲಿನ ಒಂದು ಕಾನ್ಸರ್ಟೊ ಬಾಖ್ ಕೈಯಲ್ಲಿ ನಾಲ್ಕು ಹಾರ್ಪ್ಸಿಕಾರ್ಡಿನದಾಯಿತು. ಬಾಖ್‌ನನ್ನು ಅಭ್ಯಾಸ ಮಾಡುವವರು, ಈ ಮೂಲ ಯಾರದು ಅಂತ ಹುಡುಕುತ್ತಾ ವಿವಾಲ್ಡಿಯ ಹತ್ತಿರ ಬರುತ್ತಿದ್ದರು. ಅವನು ಅಚ್ಚು ಹಾಕಿಸಿದ್ದು ಬಿಟ್ಟರೆ ಬೇರೇನು ಬರೆದಿದ್ದ ಅನ್ನೋದು ಅವರಿಗೂ ಸರಿಯಾಗಿ ತಿಳಿದಿರಲಿಲ್ಲ. ಅವನ ಒಪೆರಾಗಳ, ಅಂದರೆ ಹಾಡಿನಲ್ಲೇ ನಡೆಯುವ ನಾಟಕಗಳ, ಸಂಗೀತವಂತೂ ಯಾರ ಕಿವಿಗೂ ಬಿದ್ದಿರಲಿಲ್ಲ.

ಅಂಥ ಹೊತ್ತಿನಲ್ಲಿ 14 ಸಂಪುಟ ಮೇಜಿನ ಮೇಲೆ ಬಂದು ಕೂತಿತ್ತು.

ಕೊಳ್ಳೋಣ ಅಂದರೆ ಗ್ರಂಥಾಲಯದ ಬಳಿ ಅಷ್ಟು ಹಣ ಇರಲಿಲ್ಲ. ಇದೇ ಗ್ರಂಥಾಲಯ 1904ರ ಜನವರಿಯಲ್ಲಿ ದೊಡ್ಡ ಬೆಂಕಿಗೆ ಸಿಕ್ಕಿತ್ತು. ತಲೆಮಾರುಗಳಿಂದ ಕೂಡಿಟ್ಟಿದ್ದ ಎಷ್ಟೋ ಹಸ್ತಪ್ರತಿಗಳು ಒಂದೇ ರಾತ್ರಿಯಲ್ಲಿ ಹೋಗಿದ್ದವು. ಸದ್ದು ಮಾಡಿದರೆ ಹಳೆ ಪುಸ್ತಕದ ವ್ಯಾಪಾರಿಗಳು ಮುಗಿಬೀಳುತ್ತಾರೆ. ಅವರು ಸಂಪುಟ ಸಂಪುಟವಾಗಿ ಬಿಡಿಸಿ ಮಾರಿದರೆ ಮುಗಿಯಿತು. ತೊರ್ರಿ ಮತ್ತು ಜೆಂಟಿಲಿ ಸುದ್ದಿಯನ್ನು ಗುಟ್ಟಾಗಿ ಇಟ್ಟುಕೊಂಡು ದಾನಿಯನ್ನು ಹುಡುಕಿದರು. ಷೇರು ವ್ಯವಹಾರ ಮಾಡುತ್ತಿದ್ದ ರೊಬೆರ್ತೊ ಫೋವಾ ಮುಂದೆ ಬಂದರು. ಅವರ ಎಳೆ ಮಗ ಮಾವ್ರೊ ತೀರಿಕೊಂಡಿದ್ದ. 1927ರಲ್ಲಿ ಫೋವಾ ಆ 97 ಸಂಪುಟಗಳನ್ನೂ ಕೊಂಡು ಮಗನ ಹೆಸರಿನಲ್ಲಿ ಗ್ರಂಥಾಲಯಕ್ಕೆ ಕೊಟ್ಟರು.

ಗುಟ್ಟು ಮಾಡಿದ್ದು ಸರಿಯಾ? ರಿಪೇರಿಗೆ ದುಡ್ಡು ಬೇಕಾಗಿದ್ದ ಶಾಲೆಯ ಮಟ್ಟಿಗೆ ಇದು ಕೇಳಲೇಬೇಕಾದ ಪ್ರಶ್ನೆ. ನನ್ನ ಅಭಿಪ್ರಾಯ ಹೇಳುತ್ತೇನೆ. ಹರಾಜಿಗೆ ಹೋಗಿದ್ದರೆ ಶಾಲೆಗೆ ಜಾಸ್ತಿ ಹಣ ಸಿಗುತ್ತಿತ್ತೇನೋ. ಆದರೆ ಮುಂದೆ ನಡೆದದ್ದು ಯಾವುದೂ ನಡೆಯುತ್ತಿರಲಿಲ್ಲ. ಯಾಕೆಂದರೆ ಈ ಪ್ರಕರಣದ ಅತಿ ಮುಖ್ಯ ಸುಳಿವು ಯಾವ ಒಂದು ಸಂಪುಟದಲ್ಲೂ ಇರಲಿಲ್ಲ. ಎಲ್ಲವನ್ನೂ ಒಟ್ಟಿಗೆ ಇಟ್ಟಾಗ ಮಾತ್ರ ಅದು ಕಾಣುತ್ತಿತ್ತು.

ಸಂಖ್ಯೆಗಳು ಹೇಳಿದ ಮಾತು

ಜೆಂಟಿಲಿ ಬರೀ ಸಂಗೀತ ಓದಿ ಸುಮ್ಮನಾಗಲಿಲ್ಲ. ಸಂಪುಟಗಳ ಮೇಲಿನ ಹಳೆಯ ಸಂಖ್ಯೆಗಳನ್ನೂ ನೋಡಿದರು. ನಡುನಡುವೆ ಸಂಖ್ಯೆಗಳು ತಪ್ಪಿದ್ದವು. ಇದು ಪೂರ್ತಿ ಸಂಗ್ರಹ ಅಲ್ಲ, ಇದರ ಇನ್ನರ್ಧ ಎಲ್ಲೋ ಇದೆ ಅನ್ನೋದು ಅವರಿಗೆ ಖಾತ್ರಿಯಾಯಿತು. ಈ ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಹೊಸ ವಿವಾಲ್ಡಿ ಕೈಗೆ ಬಂದ ಖುಷಿಯಲ್ಲಿ ಯಾರಾದರೂ ಮೊದಲ ಪುಟ ತೆರೆದು ಸ್ವರ ಓದುತ್ತಾ ಕೂರುತ್ತಾರೆ. ಜೆಂಟಿಲಿ ಸ್ವರವನ್ನೂ ಓದಿದರು, ಲೆಕ್ಕವನ್ನೂ ಇಟ್ಟರು.

ಶಾಲೆಗೆ ಈ ಪುಸ್ತಕಗಳು ಬಂದದ್ದು ಮಾರ್ಚೆಲ್ಲೊ ದುರಾತ್ಸೊ ಎಂಬ ಶ್ರೀಮಂತನಿಂದ. 1922ರಲ್ಲಿ ಆತ ತೀರಿಕೊಂಡಾಗ ಅವು ಪಾದ್ರಿಗಳ ಪಾಲಾದವು. ದುರಾತ್ಸೊ ಜಿನೋವಾದ ಹಳೆಯ ದೊಡ್ಡ ಮನೆತನ. ವಂಶಾವಳಿ ಹಿಡಿದು ಹುಡುಕುತ್ತಾ ಹೋದಾಗ ವಿಷಯ ಹೊರಗೆ ಬಂತು. 1893ರಲ್ಲಿ ಮಾರ್ಚೆಲ್ಲೊ ಮತ್ತು ಅವನ ಅಣ್ಣತಮ್ಮ ಫ್ಲಾವಿಯೊ ಇನ್ಯಾತ್ಸಿಯೊ ಮನೆಯ ಆಸ್ತಿ ಹಂಚಿಕೊಂಡಾಗ ಪುಸ್ತಕಗಳೂ ಪಾಲಾಗಿದ್ದವು.

ನಮ್ಮ ಕಡೆ ಹಿಸ್ಸೆ ಆದಾಗ ಹೊಲ, ಮನೆ, ಪಾತ್ರೆಪಗಡ ಹಂಚಿಕೊಳ್ಳುವುದನ್ನು ನೋಡಿದವರಿಗೆ ಇಲ್ಲಿ ಏನಾಗಿದೆ ಅಂತ ಬೇಗ ಅರ್ಥವಾಗುತ್ತದೆ. ಇಬ್ಬರಿಗೂ ಸಮ ಬರಬೇಕು, ಅಷ್ಟೇ. ಒಳಗೆ ಏನಿದೆ ಅನ್ನೋದು ಮುಖ್ಯವಾಗಲಿಲ್ಲ. ವಿವಾಲ್ಡಿಯ 27 ಸಂಪುಟಗಳಲ್ಲಿ 14 ಒಬ್ಬನಿಗೆ, 13 ಇನ್ನೊಬ್ಬನಿಗೆ. ಅದೇ ಮನೆಯಲ್ಲಿ 17ನೇ ಶತಮಾನದ ಜರ್ಮನ್ ಆರ್ಗನ್ ಸಂಗೀತದ 16 ಸಂಪುಟಗಳ ಸೆಟ್ ಕೂಡ ಇತ್ತು. ಅದನ್ನು ಎಂಟು ಇಲ್ಲಿ, ಎಂಟು ಅಲ್ಲಿ ಅಂತ ಹಂಚಿದ್ದರು. ಒಂದು ಸೆಟ್ ಅನ್ನು ನಟ್ಟನಡುವೆ ಕತ್ತರಿಸಿದ ಗುರುತು ಗ್ರಂಥಾಲಯದ ಪಟ್ಟಿಯಲ್ಲಿ ಈಗಲೂ ಹಾಗೇ ಇದೆ.

ಎರಡನೇ ಪಾಲು ಜಿನೋವಾದಲ್ಲಿ ಫ್ಲಾವಿಯೊ ಇನ್ಯಾತ್ಸಿಯೊನ ಮಗ ಜುಸೆಪ್ಪೆ ಮರಿಯಾ ದುರಾತ್ಸೊ ಅವರ ಹತ್ತಿರ ಇತ್ತು. ಅವರಿಗೆ ವಯಸ್ಸಾಗಿತ್ತು. ಮನೆಯ ಪುಸ್ತಕಗಳನ್ನು ಹೊರಗಿನವರಿಗೆ ತೋರಿಸುವುದೇ ಇಷ್ಟವಿರಲಿಲ್ಲ, ಇನ್ನು ಕೊಡುವ ಮಾತು ದೂರ. ಈ ಗಂಟು ಬಿಡಿಸಲು ತಾಳ್ಮೆಯಿಂದ ದುಡಿದವರು ಮಾರ್ಕ್ವಿಸ್ ಫೌಸ್ತಿನೊ ಕುರ್ಲೊ. ಹಳೆಯ ಮನೆತನಗಳ ದಾಖಲೆಗಳ ಒಳಹೊರಗು ಬಲ್ಲವರು, ತಾವೂ ಅಂಥದೇ ಮನೆತನದವರು. ಪ್ರೊಫೆಸರ್ ಹೋಗಿ ಕೇಳುವುದಕ್ಕೂ, ತಮ್ಮಂಥದೇ ಮನೆಯವರು ಹೋಗಿ ಕೇಳುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಕೊನೆಗೆ ಮುದುಕರು ಒಪ್ಪಿದರು.

ಮತ್ತೆ ದುಡ್ಡಿನ ಪ್ರಶ್ನೆ. ಈ ಸಲ ನೆರವಾದವರು ಬಟ್ಟೆ ಕಾರ್ಖಾನೆಯ ಫಿಲಿಪ್ಪೊ ಜೊರ್ದಾನೊ. ಅವರೂ ಒಬ್ಬ ಪುಟ್ಟ ಮಗನನ್ನು ಕಳೆದುಕೊಂಡಿದ್ದರು. ಹುಡುಗನ ಹೆಸರು ರೆಂತ್ಸೊ. 1930ರಲ್ಲಿ ಎರಡನೇ ಪಾಲು ರೆಂತ್ಸೊ ಹೆಸರಿನಲ್ಲಿ ಗ್ರಂಥಾಲಯ ಸೇರಿತು. 37 ವರ್ಷ ಬೇರೆ ಬೇರೆ ಇದ್ದ ಸಂಪುಟಗಳು ಒಂದೇ ಸೂರಿನಡಿ ಬಂದವು. ಗ್ರಂಥಾಲಯ ಎರಡು ಹೆಸರುಗಳನ್ನೂ ಉಳಿಸಿಕೊಂಡಿದೆ. ವಿವಾಲ್ಡಿಯ ಸಂಪುಟಗಳು ಫೋವಾ ಸಂಗ್ರಹದಲ್ಲಿ 27ರಿಂದ 40, ಜೊರ್ದಾನೊ ಸಂಗ್ರಹದಲ್ಲಿ 28ರಿಂದ 39, ಮೇಲೆ ಒಂದು 39 ಬಿಸ್, ಅಂದರೆ ಎರಡನೇ 39. ಎರಡು ಮಕ್ಕಳ ಹೆಸರು ಹೇಳದೆ ಇವತ್ತು ಯಾವ ಸಂಶೋಧಕರೂ ವಿವಾಲ್ಡಿಯ ಹಸ್ತಪ್ರತಿ ಬಗ್ಗೆ ಬರೆಯಲಾಗುವುದಿಲ್ಲ.

ವಿವಾಲ್ಡಿಯ ದಾಸ್ತಾನು

ಇಷ್ಟೊಂದು ಕಾಗದ ಒಂದೇ ಕಡೆ ಕೂಡಿದ್ದು ಹೇಗೆ? ಯಾರೋ ಅಭಿಮಾನಿ ಹುಡುಕಿ ಹುಡುಕಿ ಕೂಡಿಸಿದ್ದಲ್ಲ. ಇದು ವಿವಾಲ್ಡಿಯ ಸ್ವಂತ ಕೆಲಸದ ಸಂಗ್ರಹ.

ಅವನು 1703ರಿಂದ ವೆನಿಸ್‌ನ ಪಿಯೆತಾ ಎಂಬ ಅನಾಥಾಶ್ರಮದಲ್ಲಿ ಹೆಣ್ಣುಮಕ್ಕಳಿಗೆ ಪಿಟೀಲು ಕಲಿಸುತ್ತಿದ್ದ. ಅವರಿಗಾಗಿ ಬರೆಯುತ್ತಿದ್ದ. ಒಪೆರಾ ಮಂದಿರಗಳಿಗೆ ಬರೆಯುತ್ತಿದ್ದ, ಎಷ್ಟೋ ಸಲ ತಾನೇ ಒಪೆರಾ ನಡೆಸುತ್ತಿದ್ದ. 1733ರಲ್ಲಿ ಎಡ್ವರ್ಡ್ ಹೋಲ್ಡ್ಸ್‌ವರ್ತ್ ಎಂಬ ಇಂಗ್ಲಿಷಿನವನು ಗೆಳೆಯನಿಗೆ ಬರೆದ ಪತ್ರದಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ವಿವಾಲ್ಡಿ ಇನ್ನು ಮೇಲೆ ಕಾನ್ಸರ್ಟೊಗಳನ್ನು ಅಚ್ಚಿಗೆ ಕೊಡುವುದಿಲ್ಲವಂತೆ. ಅಚ್ಚಾದರೆ ಕೈಬರಹದ ಪ್ರತಿ ಕೊಳ್ಳುವವರು ಇರುವುದಿಲ್ಲ, ಕೈಬರಹದಲ್ಲೇ ಲಾಭ ಜಾಸ್ತಿ. ಒಂದು ಕೃತಿಗೆ ಒಂದು ಗಿನಿ (ಇಂಗ್ಲೆಂಡಿನ ಆಗಿನ ಚಿನ್ನದ ನಾಣ್ಯ) ಬೇಕಂತೆ.

ಅಂದರೆ ಮನೆಯಲ್ಲಿದ್ದ ಈ ಮೂಲ ಪ್ರತಿಗಳೇ ಅವನ ಬಂಡವಾಳ. ಗಿರಾಕಿ ಬಂದರೆ ಇದನ್ನು ನೋಡಿ ನಕಲು ಮಾಡಿ ಕೊಡಬೇಕು. ಹಾಗಾಗಿ ಮೂಲವನ್ನು ಅವನು ಕೈಬಿಡುತ್ತಿರಲಿಲ್ಲ. ನಕಲು ಮಾಡುವವರಲ್ಲಿ ಮುಖ್ಯನಾದವನು ಅವನ ಅಪ್ಪ ಜೊವಾನ್ನಿ ಬತ್ತಿಸ್ತ. ಅಪ್ಪನೂ ಪಿಟೀಲು ವಾದಕ.

ಪುಟ ತೆರೆದರೆ ಈ ಅವಸರ, ಈ ವ್ಯವಹಾರ ಎರಡೂ ಕಾಣುತ್ತವೆ. ಎರಡನೇ ಪಿಟೀಲು ಮೊದಲನೆಯದರ ಜೊತೆಯೇ ನಡೆಯುವ ಕಡೆ ಅದನ್ನು ಬರೆದೇ ಇಲ್ಲ, ಸಾಲಿನಲ್ಲಿ ಒಂದು ಚುಟುಕು ಗುರುತು ಹಾಕಿ ಮುಂದೆ ಹೋಗಿದ್ದಾನೆ. ಮೊದಲ ಭಾಗ ಮತ್ತೆ ಬರಬೇಕಾದ ಕಡೆ ಅದನ್ನು ಪುನಃ ಬರೆಯುವ ಗೋಜಿಗೆ ಹೋಗದೆ, ಇಲ್ಲಿಂದ ಶುರುವಿಗೆ ಹೋಗಿ ಅಂತ ಎರಡಕ್ಷರದ ಸೂಚನೆ ಕೊಟ್ಟಿದ್ದಾನೆ. ಕೆಲವು ಕಡೆ ಒಂದು ಪೂರ್ತಿ ಭಾಗ ಹೊಡೆದು ಹಾಕಿ ಬೇರೆ ಬರೆದಿದ್ದಾನೆ. ‘ತಿತೊ ಮಾನ್ಲಿಯೊ’ ಒಪೆರಾದ ಸ್ವರಲಿಪಿಯ ಮೇಲೆ, ವಿವಾಲ್ಡಿಯ ಈ ಸಂಗೀತ ಐದು ದಿನದಲ್ಲಿ ಆದದ್ದು ಅಂತ ಬರೆದಿದೆ. 1739ರಲ್ಲಿ ವೆನಿಸ್‌ಗೆ ಬಂದಿದ್ದ ಫ್ರೆಂಚ್ ಪ್ರವಾಸಿ ಶಾರ್ಲ್ ದ ಬ್ರಾಸ್ ಕೂಡ ಇಂಥದೇ ಮಾತು ಕೇಳಿಸಿಕೊಂಡ. ನಕಲುಗಾರ ಕಾನ್ಸರ್ಟೊ ನಕಲು ಮಾಡುವುದಕ್ಕಿಂತ ಬೇಗ ನಾನು ಅದನ್ನು ಹೊಸದಾಗಿ ಬರೆಯುತ್ತೇನೆ ಅಂತ ವಿವಾಲ್ಡಿ ಜಂಬ ಕೊಚ್ಚಿಕೊಂಡನಂತೆ. ಹಾಳೆಗಳನ್ನು ನೋಡಿದರೆ ಆ ಮಾತನ್ನು ನಂಬಬಹುದು ಅನ್ನಿಸುತ್ತದೆ.

ಈಗ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ವಿವಾಲ್ಡಿಯ ಚರ್ಚ್ ಸಂಗೀತದಲ್ಲಿ ಅತಿ ಹೆಚ್ಚು ಹಾಡುವ ಕೃತಿ ‘ಗ್ಲೋರಿಯಾ’ (ಚರ್ಚಿನ ಒಂದು ಲ್ಯಾಟಿನ್ ದೇವಸ್ತುತಿ, ಇದಕ್ಕೆ ಅನೇಕರು ಸಂಗೀತ ಕೂಡಿಸಿದ್ದಾರೆ), ಈಗಿನ ಪಟ್ಟಿಯಲ್ಲಿ ಆರ್‌ವಿ 589. ಅದರ ಕೊನೆಯ ಭಾಗ ‘ಕುಮ್ ಸಾಂಕ್ತೊ ಸ್ಪಿರಿತು’. ದನಿಗಳು ಒಂದರ ಹಿಂದೊಂದು ಬಂದು ಹೆಣೆದುಕೊಳ್ಳುವ ಗಟ್ಟಿ ರಚನೆ. ಅದು ಪೂರ್ತಿ ವಿವಾಲ್ಡಿಯದಲ್ಲ. ಜೊವಾನ್ನಿ ಮರಿಯಾ ರುಜ್ಜೆರಿ ಎಂಬುವನು 1708ರಲ್ಲಿ ಬರೆದ ಗ್ಲೋರಿಯಾದಿಂದ ತೆಗೆದು ತನಗೆ ಬೇಕಾದ ಹಾಗೆ ತಿದ್ದಿಕೊಂಡದ್ದು. ರುಜ್ಜೆರಿಯ ಆ ಕೃತಿ ವಿವಾಲ್ಡಿಯ ಕಪಾಟಿನಲ್ಲೇ ಇತ್ತು. ಬೇರೆಯವರ ಒಳ್ಳೆಯ ಕೃತಿಗಳನ್ನು ಅವನು ಹೀಗೆ ಇಟ್ಟುಕೊಳ್ಳುತ್ತಿದ್ದ. ಆ ಕಾಲದಲ್ಲಿ ಇದನ್ನು ಯಾರೂ ಕಳ್ಳತನ ಅನ್ನುತ್ತಿರಲಿಲ್ಲ.

1893ರಲ್ಲಿ ಆದ ಪಾಲಿನ ಫಲ ಇಲ್ಲಿ ನೋಡಿ. ವಿವಾಲ್ಡಿಯ ಗ್ಲೋರಿಯಾ ಇರುವುದು ಜೊರ್ದಾನೊ 32ರಲ್ಲಿ. ರುಜ್ಜೆರಿಯ ಗ್ಲೋರಿಯಾ ಇರುವುದು ಫೋವಾ 40ರಲ್ಲಿ. ಮೂಲ ಒಬ್ಬನ ಪಾಲಿಗೆ, ಅದರಿಂದ ಹುಟ್ಟಿದ್ದು ಇನ್ನೊಬ್ಬನ ಪಾಲಿಗೆ ಹೋಗಿತ್ತು. ಒಂದೇ ಪಾಲು ಸಿಕ್ಕಿದ್ದರೆ ಯಾರದೋ ಒಂದು ಅನಾಮಧೇಯ ಚರ್ಚ್ ಸಂಗೀತ ವಿವಾಲ್ಡಿಯ ಕಾಗದಗಳಲ್ಲಿ ಯಾಕೆ ಸೇರಿದೆ ಅಂತ ತಲೆ ಕೆರೆದುಕೊಳ್ಳಬೇಕಾಗಿತ್ತು. ಎರಡೂ ಒಂದೇ ಕಡೆ ಬಂದದ್ದರಿಂದ ಅವನು ಕೆಲಸ ಮಾಡುತ್ತಿದ್ದ ರೀತಿಯೇ ಕಣ್ಣಿಗೆ ಬಿತ್ತು. ಹಾಳೆಗಳನ್ನು ಉಳಿಸುವುದು ಒಂದು ಕೆಲಸ. ಯಾವ ಹಾಳೆ ಯಾವುದರ ಜೊತೆ ಇತ್ತು ಅನ್ನೋದನ್ನು ಉಳಿಸುವುದು ಅಷ್ಟೇ ದೊಡ್ಡ ಕೆಲಸ. ಸಂಗೀತದ ದಾಖಲೆಗಳ ಬಗ್ಗೆ ಕಾಳಜಿ ಇರುವವರೆಲ್ಲ ಈ ಎರಡು ಸಂಖ್ಯೆಗಳನ್ನು, ಜೊರ್ದಾನೊ 32 ಮತ್ತು ಫೋವಾ 40, ನೆನಪಿಡಬೇಕು ಅನ್ನೋದು ನನ್ನ ಆಸೆ.

ತಪ್ಪಿದ ಗಂಡಾಂತರ

ವಿವಾಲ್ಡಿ ಸತ್ತ ಮೇಲೆ ಈ ಕಾಗದಗಳು ದುರಾತ್ಸೊ ಮನೆಗೆ ಬರುವ ತನಕ ಮೂರು ಕೈ ದಾಟಿವೆ. 1745ರ ಹೊತ್ತಿಗೆ ಅವು ವೆನಿಸ್‌ನ ಯಾಕೊಪೊ ಸೊರಾಂತ್ಸೊ ಎಂಬ ಪುಸ್ತಕಪ್ರೇಮಿಯ ಬಳಿ ಇದ್ದವು. ಅಲ್ಲಿಂದ ಮತ್ತೆಯೊ ಲೂಯಿಜಿ ಕನೋನಿಚಿ ಎಂಬ ಪಾದ್ರಿಯ ಕೈಗೆ. ಅವನಿಂದ ಕೌಂಟ್ ಜಾಕೊಮೊ ದುರಾತ್ಸೊ ಕೊಂಡುಕೊಂಡ. ಈ ಜಾಕೊಮೊ ಸಾಮಾನ್ಯ ಆಸಾಮಿಯಲ್ಲ. ವಿಯೆನ್ನಾದ ರಂಗಮಂದಿರಗಳನ್ನು ನೋಡಿಕೊಳ್ಳುತ್ತಿದ್ದವನು. 1762ರಲ್ಲಿ ಸಂಗೀತಗಾರ ಗ್ಲುಕ್‌ನ ‘ಓರ್ಫೆಯೊ ಎದ್ ಎವುರಿದಿಚೆ’ ಒಪೆರಾ ರಂಗಕ್ಕೆ ಬಂದಾಗ ಅದರ ಹಿಂದೆ ಇದ್ದವನು. ಆಮೇಲೆ ವಿಯೆನ್ನಾದ ರಾಯಭಾರಿಯಾಗಿ ವೆನಿಸ್‌ಗೆ ಬಂದ. ತಾನು ಕೊಳ್ಳುತ್ತಿರುವುದು ಏನು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕನೋನಿಚಿಯ ಉಳಿದ ಹಸ್ತಪ್ರತಿಗಳಲ್ಲಿ ಬಹುಪಾಲು 1817ರಲ್ಲಿ ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯಕ್ಕೆ ಹೋದವು. ವಿವಾಲ್ಡಿಯೂ ಅವುಗಳ ಜೊತೆ ಉಳಿದಿದ್ದರೆ 19ನೇ ಶತಮಾನದಲ್ಲೇ ಆಕ್ಸ್‌ಫರ್ಡ್‌ನ ಪಟ್ಟಿಗೆ ಸೇರಿ ಬೆಳಕಿಗೆ ಬರುತ್ತಿದ್ದನೋ, ಅಥವಾ ವ್ಯಾಪಾರಿಗಳ ಕೈಯಲ್ಲಿ ಹರಿದು ಹಂಚಿಹೋಗುತ್ತಿದ್ದನೋ. ದುರಾತ್ಸೊ ಮನೆಯ ಬೀಗ ನೂರು ವರ್ಷಕ್ಕೂ ಜಾಸ್ತಿ ಕಾಲ ಯಾರಿಗೂ ಇದನ್ನು ನೋಡಗೊಡಲಿಲ್ಲ. ಅದೇ ಬೀಗ ಇದನ್ನು ಕಾಪಾಡಿತು ಅನ್ನೋದೂ ನಿಜ.

ಕಂಡುಹಿಡಿದವರಿಗೆ ಸಿಕ್ಕಿದ್ದು

1930ರಲ್ಲಿ ಎಲ್ಲ ಸಂಪುಟಗಳೂ ಟ್ಯೂರಿನ್‌ನಲ್ಲಿದ್ದವು. ಸುಮಾರು 450 ಕೃತಿಗಳು. ಅದರಲ್ಲಿ 300ರ ಹತ್ತಿರ ಕಾನ್ಸರ್ಟೊಗಳೇ. ಹತ್ತಕ್ಕೂ ಹೆಚ್ಚು ಒಪೆರಾ. ಪಿಯೆತಾದ ಹೆಣ್ಣುಮಕ್ಕಳಿಗಾಗಿ 1716ರಲ್ಲಿ ಬರೆದ ‘ಜುದಿತಾ ತ್ರಿಯುಂಫಾನ್ಸ್’. ಅವನು ಚರ್ಚ್‌ಗಾಗಿ ಬರೆದ ಸಂಗೀತದ ದೊಡ್ಡ ಪಾಲು. ಇವುಗಳ ಮೇಲೆ ಮೊದಲ ಹಕ್ಕು ಜೆಂಟಿಲಿ ಅವರ ದುಡಿಮೆಗೆ ಇತ್ತು.

1938ರಲ್ಲಿ ಮುಸೊಲಿನಿ ಸರ್ಕಾರ ಯಹೂದಿಗಳ ವಿರುದ್ಧ ಜನಾಂಗೀಯ ಕಾನೂನುಗಳನ್ನು ತಂದಿತು. ಜೆಂಟಿಲಿ ಯಹೂದಿ. ವಿಶ್ವವಿದ್ಯಾಲಯದ ಕೆಲಸ ಹೋಯಿತು. ಮೊದಲ ದಾನಿ ಫೋವಾ ಅವರೂ ಯಹೂದಿ. ಮರುವರ್ಷ, 1939ರ ಸೆಪ್ಟೆಂಬರ್‌ನಲ್ಲಿ, ಸಿಯೆನಾದ ಕಿಜಿಯಾನ ಸಂಗೀತ ಅಕಾಡೆಮಿಯಲ್ಲಿ ವಿವಾಲ್ಡಿ ಸಪ್ತಾಹ ನಡೆಯಿತು. ಸಂಗೀತಗಾರ ಆಲ್ಫ್ರೆದೊ ಕಸೆಲ್ಲಾ ಅದರ ಮುಂದಾಳು. ಅಕಾಡೆಮಿಯಲ್ಲಿ ಕೆಲಸ ಮಾಡುತ್ತಿದ್ದ ಪಿಟೀಲು ವಾದಕಿ ಓಲ್ಗಾ ರಡ್ಜ್ ಟ್ಯೂರಿನ್‌ಗೆ ಹೋಗಿ ಕೃತಿಗಳ ಪಟ್ಟಿ ತಯಾರಿಸಿದ್ದರು. ಗ್ಲೋರಿಯಾ ಶತಮಾನಗಳ ನಂತರ ಮತ್ತೆ ಕೇಳಿಸಿದ್ದು ಅಲ್ಲೇ. ಅಷ್ಟರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಗಿತ್ತು. ಆ ಸಭಾಂಗಣಕ್ಕೆ ಸಂಗೀತವನ್ನು ತಲುಪಿಸಿದ ಮನುಷ್ಯನನ್ನು ಅವನ ದೇಶವೇ ಹೊರಗೆ ನಿಲ್ಲಿಸಿತ್ತು. ಇದನ್ನು ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ. ವಿವಾಲ್ಡಿಯ ಪುನರ್ಜನ್ಮದ ಕಥೆ ಹೇಳುವವರು ಬಹಳ ಸಲ ಸಿಯೆನಾದಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಜೆಂಟಿಲಿಯಿಂದ.

ಯುದ್ಧ ಮುಗಿದ ಮೇಲೆ ಕೆಲಸ ಭರದಿಂದ ಸಾಗಿತು. 1947ರಲ್ಲಿ ಅಂಟೋನಿಯೊ ಫನ್ನಾ ವಿವಾಲ್ಡಿ ಸಂಸ್ಥೆ ಕಟ್ಟಿದರು. ಸಂಗೀತಗಾರ ಜಾನ್ ಫ್ರಾಂಚೆಸ್ಕೊ ಮಾಲಿಪಿಯೆರೊ ಸಂಪಾದನೆಯ ಹೊಣೆ ಹೊತ್ತರು. ಮಿಲಾನ್‌ನ ರಿಕೋರ್ದಿ ಪ್ರಕಾಶನ ಅವನ ವಾದ್ಯಸಂಗೀತವನ್ನೆಲ್ಲ 530 ಪುಸ್ತಕಗಳಲ್ಲಿ 1972ರ ಹೊತ್ತಿಗೆ ಅಚ್ಚು ಹಾಕಿ ಮುಗಿಸಿತು. ಡೆನ್ಮಾರ್ಕಿನ ಪೀಟರ್ ರ‍್ಯೂಮ್ ಎಲ್ಲ ಕೃತಿಗಳಿಗೆ ಕ್ರಮಸಂಖ್ಯೆ ಕೊಟ್ಟರು. ಆರ್‌ವಿ ಅಂತ ನಾವು ಸಿಡಿಗಳ ಮೇಲೆ ನೋಡುವ ಸಂಖ್ಯೆ ಅವರದೇ. ಒಪೆರಾಗಳು ಮಾತ್ರ ಇನ್ನೂ ಕಾಯಬೇಕಾಯಿತು. ಟ್ಯೂರಿನ್ ಸಂಪುಟಗಳನ್ನೆಲ್ಲ ಧ್ವನಿಮುದ್ರಿಸುವ ಯೋಜನೆಯನ್ನು ಆಲ್ಬೆರ್ತೊ ಬಾಸ್ಸೊ ಅವರ ಮಾರ್ಗದರ್ಶನದಲ್ಲಿ ಫ್ರಾನ್ಸಿನ ನಾಯಿವ್ ಕಂಪನಿ 2000ದಲ್ಲಿ ಆರಂಭಿಸಿತು. ಆಮೇಲೆಯೇ ‘ಓರ್ಲಾಂದೊ ಫುರಿಯೊಸೊ’ದಂಥ ಒಪೆರಾಗಳು ಜನಸಾಮಾನ್ಯರ ಮನೆಗೆ ಸರಾಗವಾಗಿ ಬಂದದ್ದು. ಅದರ ಸ್ವರಲಿಪಿ ಇರುವುದು ಜೊರ್ದಾನೊ 39 ಬಿಸ್‌ನಲ್ಲಿ.

ಇಷ್ಟಾದರೂ ಟ್ಯೂರಿನ್‌ನಲ್ಲಿ ವಿವಾಲ್ಡಿ ಪೂರ್ತಿ ಇಲ್ಲ. 94 ಒಪೆರಾ ಬರೆದಿದ್ದೇನೆ ಅಂತ 1739ರ ಒಂದು ಪತ್ರದಲ್ಲಿ ಅವನೇ ಹೇಳಿಕೊಂಡಿದ್ದಾನೆ. ಹೆಸರು ಗೊತ್ತಿರುವುದು ಸುಮಾರು ಐವತ್ತು. ಸಂಗೀತ ಉಳಿದಿರುವುದು ಇಪ್ಪತ್ತರ ಆಸುಪಾಸು. ಮಾರಿದ, ಕೊಟ್ಟ, ನಕಲಾದ ಪ್ರತಿಗಳು ಬೇರೆ ಊರುಗಳಲ್ಲಿವೆ. ಅದರಲ್ಲಿ ದೊಡ್ಡದು ಜರ್ಮನಿಯ ಡ್ರೆಸ್ಡನ್. ಅಲ್ಲಿನ ಆಸ್ಥಾನದ ಪಿಟೀಲು ವಾದಕ ಪಿಸೆಂಡೆಲ್ ವೆನಿಸ್‌ಗೆ ಬಂದು ವಿವಾಲ್ಡಿಯ ಹತ್ತಿರ ಕಲಿತು, ಅವನ ಕೃತಿಗಳನ್ನು ನಕಲು ಮಾಡಿಕೊಂಡು ಹೋಗಿದ್ದ. ಅವು ‘ಕಪಾಟು 2’ ಅಂತ ಗುರುತು ಹಾಕಿದ ಬೀರುವಿನಲ್ಲಿ 19ನೇ ಶತಮಾನದ ತನಕ ಮಲಗಿದ್ದವು.

ಡ್ರೆಸ್ಡನ್‌ನಲ್ಲಿ ಇನ್ನೊಂದು ಬಗೆಯ ತೊಡಕೂ ಇದೆ. ವೆನಿಸ್‌ನ ಬಲ್ದಾನ್ ಎಂಬ ನಕಲುಗಾರ ಅಲ್ಲಿನ ಆಸ್ಥಾನಕ್ಕೆ ಚರ್ಚ್ ಸಂಗೀತ ಮಾರುವಾಗ ವಿವಾಲ್ಡಿಯ ಕೃತಿಗಳ ಮೇಲೆ ಇನ್ನೊಬ್ಬ ಸಂಗೀತಗಾರ ಗಲುಪ್ಪಿಯ ಹೆಸರು ಹಾಕಿ ಕಳಿಸಿದ್ದ. ಗಲುಪ್ಪಿಗೆ ಆಗ ಬೇಡಿಕೆ ಇತ್ತು, ವಿವಾಲ್ಡಿಗೆ ಇರಲಿಲ್ಲ. ಹಾಗೆ ಅಡಗಿದ್ದ ‘ದಿಕ್ಸಿತ್ ದೊಮಿನುಸ್’ ಎಂಬ ದೊಡ್ಡ ಕೃತಿಯನ್ನು 2005ರಲ್ಲಿ ಗುರುತಿಸಿದವರು ಆಸ್ಟ್ರೇಲಿಯಾದ ಸಂಶೋಧಕಿ ಜ್ಯಾನಿಸ್ ಸ್ಟಾಕಿಗ್ಟ್. ಈಗ ಅದು ಆರ್‌ವಿ 807. ಟ್ಯೂರಿನ್‌ನ 27 ಸಂಪುಟಗಳಲ್ಲಿ ವಿವಾಲ್ಡಿಯ ಕೈ, ಅವನ ಅಭ್ಯಾಸ, ಅವನು ಮತ್ತೆ ಮತ್ತೆ ಬಳಸುವ ರಾಗಗಳು ಒಟ್ಟಿಗೆ ಸಿಗುವುದರಿಂದಲೇ, ಬೇರೆಯವರ ಹೆಸರಿನಡಿ ಕೂತಿರುವ ಇಂಥ ಕೃತಿಗಳನ್ನು ಪಕ್ಕದಲ್ಲಿಟ್ಟು ಹೋಲಿಸಲು ಆಗುತ್ತದೆ. ಗಲುಪ್ಪಿ ಅಂತ ಬರೆದಿರುವ ಬಲ್ದಾನ್‌ನ ಪ್ರತಿಗಳನ್ನು ಸಂಶೋಧಕರು ಈಗ ಒಂದೊಂದಾಗಿ ಅನುಮಾನದಿಂದಲೇ ನೋಡುತ್ತಾರೆ.